ರಾಗ ಹಾಕಿದವರು

ವರಮಹಾಲಕ್ಷ್ಮಿ ಹಬ್ಬದ ದಿನ ಲಂಡನ್ನಿನ ಹ್ಯಾರೋದ ಆ ಮನೆಯಿಂದ ಹೊರಟ ಹೆಂಗಸರೆಲ್ಲರ ಕೈಯಲ್ಲೂ ಒಂದೊಂದು ತಾಂಬೂಲದ ಚೀಲವಿತ್ತು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ, ಇವೆಲ್ಲ ಇರಬೇಕಾದದ್ದೇ. ಈ ಸಲ ಅವುಗಳ ಜೊತೆಗೆ ಒಂದು ಸಿಡಿಯೂ ಇತ್ತು. ಅದೂ ಜಾಝ್ ಸಂಗೀತದ ಸಿಡಿ. ಲಕ್ಷ್ಮಿಗೂ ಟ್ರಂಪೆಟ್ಟಿಗೂ ಏನು ನಂಟು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಯಾಕೆಂದರೆ ಕೊಡುತ್ತಿದ್ದವರು ಕೃಷ್ಣವೇಣಮ್ಮ. ಅವರು ಬಾಗಿಲಲ್ಲಿ ನಿಂತು, ಒಬ್ಬೊಬ್ಬರಿಗೂ ಅರಿಶಿನ ಕುಂಕುಮ ಕೊಟ್ಟು, ಚೀಲವನ್ನು ಕೈಗಿಟ್ಟು, ಒಳಗೆ ನಮ್ಮ ಸಂಹಿತಾಳ ಸಿಡಿ ಇದೆ, ಐದನೆಯ ಹಾಡಿಗೆ ಅವಳೇ ರಾಗ ಹಾಕಿರುವುದು, ಮರೆಯದೆ ಕೇಳಿ ಎಂದು ಹೇಳಿ ಹೇಳಿ ಕಳಿಸುತ್ತಿದ್ದರು. ಸಿಡಿ ಹಾಕುವ ಯಂತ್ರ ಈ ಕಾಲದಲ್ಲಿ ಯಾರ ಮನೆಯಲ್ಲಿರುತ್ತದೆ? ಭಜನೆಗೆ ಬರುವ ಅಂಬುಜಾಳ ಹಳೆಯ ಕಾರಿನಲ್ಲಿ ಒಂದಿತ್ತು, ಅಷ್ಟೇ. ಆದರೂ ಎಲ್ಲರೂ ಚೀಲವನ್ನು ಕಣ್ಣಿಗೊತ್ತಿಕೊಂಡರು.

ಸೊಸೆ ಸಂಹಿತಾ ಹಿಂದೆ ನಿಂತು ಚೀಲಗಳನ್ನು ಅತ್ತೆಯ ಕೈಗೆ ಕೊಡುತ್ತಿದ್ದಳು. ಮುಖದಲ್ಲಿ ನಗು ಅಂಟಿಸಿಕೊಂಡಿದ್ದಳು. 'ಅವಳೇ ರಾಗ ಹಾಕಿರೋದು' ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಏಕೆಂದರೆ ಆ ಐದನೆಯ ರಾಗ ಅವಳದಲ್ಲ. ಬಾಗಿಲಲ್ಲಿ ನಿಂತು ಕುಂಕುಮ ಕೊಡುತ್ತಿದ್ದರಲ್ಲ, ಅವರದು.

ಕೊನೆಗೆ ಹೊರಟವರು ಧಾರವಾಡದ ಗಿರಿಜಾದೇವಿ. ಮಗ ಇಲ್ಲೇ ಆಸ್ಪತ್ರೆಯಲ್ಲಿ ಡಾಕ್ಟರು. ಭಜನೆಗೆ ಬಂದರೆ ವಚನ ಹಾಡುತ್ತಾರೆ, ಬೇರೆಯವರು ಹಾಡುವಾಗ ಕಣ್ಣು ಮುಚ್ಚಿ ಕೇಳುತ್ತಾರೆ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ ತಲೆ ಎತ್ತಿದರು.

"ಅಲ್ರೀ ಕೃಷ್ಣವೇಣಿಯವರ, ಇವತ್ತ ದೀಪದ ಹಾಡ ಹಾಡಲೇ ಇಲ್ಲಲ್ರೀ?"

"ಗಂಟಲು ಸರಿಯಿಲ್ಲ ಕಣ್ರೀ" ಅಂದರು ಕೃಷ್ಣವೇಣಮ್ಮ.

ಗಂಟಲು ಸರಿಯಿಲ್ಲವಂತೆ. ಅದೇ ಗಂಟಲಿನಲ್ಲಿ ಅವತ್ತು ಅವರು ಬೇರೆ ಆರು ಹಾಡು ಹಾಡಿದ್ದರು. ಸಂಹಿತಾ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಸುಮ್ಮಸುಮ್ಮನೆ ನಲ್ಲಿ ತಿರುಗಿಸಿ ನಿಂತಳು.

ಇದೆಲ್ಲ ಹೇಗಾಯಿತು ಎಂದು ಹೇಳಿಬಿಡಬೇಕು. ಸಂಹಿತಾ ಹುಟ್ಟಿ ಬೆಳೆದದ್ದು ಲಂಡನ್ನಿನಲ್ಲೇ. ಅಪ್ಪ ಅಮ್ಮ ಇಬ್ಬರೂ ಮೈಸೂರಿನಿಂದ ಬಂದ ಡಾಕ್ಟರುಗಳು. ಮಗಳು ಸ್ಟೆತಾಸ್ಕೋಪ್ ಹಿಡಿಯುತ್ತಾಳೆ ಎಂದು ಕಾದರೆ ಅವಳು ಹಿಡಿದದ್ದು ಟ್ರೊಂಬೋನು. ತೋಳುದ್ದದ ಹಿತ್ತಾಳೆ ಕೊಳವೆಯನ್ನು ಹಿಂದೆ ಮುಂದೆ ಎಳೆಯುತ್ತ ಊದುವ ಆ ವಾದ್ಯವನ್ನು ಮನೆಯಲ್ಲಿ ನೋಡಿ ಅಪ್ಪ ಒಂದು ತಿಂಗಳು ಸರಿಯಾಗಿ ಮಾತಾಡಿರಲಿಲ್ಲ. ಅವಳು ಶಾಲೆಯಲ್ಲಿ ಮ್ಯೂಸಿಕ್ ಟೀಚರ್ ಆದಳು. ಮೈಸೂರಿನಿಂದ ಬಂದ ಭಾರ್ಗವನನ್ನು ಮದುವೆಯಾದಳು. ಭಾರ್ಗವ ಅರಿವಳಿಕೆ ಕೊಡುವ ಡಾಕ್ಟರು. ಕೆಲಸದಲ್ಲಿ ಬೇರೆಯವರನ್ನು ಮಲಗಿಸುವವನು ಹೆಂಡತಿಯ ಸಂಗೀತ ಕಛೇರಿಗೆ ಬಂದರೆ ತಾನೇ ಮಲಗಿಬಿಡುತ್ತಿದ್ದ. ಇಡೀ ಬಳಗದಲ್ಲಿ 'ನಿನ್ನ ಆ ಉದ್ದನೆ ತುತ್ತೂರಿ ಊದು, ಕೇಳೋಣ' ಎಂದು ಕೇಳಿದವರು ಒಬ್ಬರೇ. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದು ಸೇರಿದ ಅತ್ತೆ, ಕೃಷ್ಣವೇಣಮ್ಮ. ಊದಿದ್ದನ್ನು ಪೂರ್ತಿ ಕೇಳಿ, ದನಿ ಎಮ್ಮೆಯದಾದರೂ ಶ್ರುತಿ ಸರಿಯಾಗಿದೆ ಅಂದಿದ್ದರು. ಅವತ್ತಿನಿಂದ ಅತ್ತೆ ಸೊಸೆಗೆ ಚೆನ್ನಾಗಿ ಹೊಂದಿಕೊಂಡಿತ್ತು.

ಕೃಷ್ಣವೇಣಮ್ಮ ದಾಸರ ಪದಗಳಿಗೆ ರಾಗ ಹಾಕುತ್ತಿದ್ದರು. ಇದು ನಮ್ಮ ಹೆಂಗಸರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸವೇ. ಪದ ದಾಸರದು, ಕೊನೆಯ ನುಡಿಯಲ್ಲಿ ಅವರ ಅಂಕಿತ ಇದ್ದೇ ಇರುತ್ತದೆ. ಆ ಪದವನ್ನು ಹೇಗೆ ಹಾಡಬೇಕು ಎನ್ನುವುದನ್ನು ಯಾವಳೋ ಒಬ್ಬಳು ತೆಂಗಿನಕಾಯಿ ತುರಿಯುತ್ತ ಕಂಡುಕೊಂಡಿರುತ್ತಾಳೆ. ಅವಳ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಕೇಳಿದರೆ ಅವಳೇ ಹೇಳುವುದಿಲ್ಲ. 'ನಾನು ರಾಗ ಹಾಕಿದೆ' ಅಂದರೆ ದಾಸರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತ ಹಾಗೆ ಎಂದು ಅವರ ಲೆಕ್ಕ. ಕೃಷ್ಣವೇಣಮ್ಮನನ್ನು ಯಾರಾದರೂ ಕೇಳಿದರೆ, ಹಳೇದು ಕಣ್ರೀ, ಎಲ್ಲರೂ ಹೀಗೇ ಹಾಡ್ತಾರೆ, ಎಂದುಬಿಡುತ್ತಿದ್ದರು. ಯಾರೂ ಹಾಗೆ ಹಾಡುತ್ತಿರಲಿಲ್ಲ.

ದೀಪದ ಹಾಡು ಹುಟ್ಟಿದ್ದು ಕೊರೊನಾ ಕಾಲದಲ್ಲಿ. ದೀಪ ಆರುವ ಮೊದಲು ಮನೆಗೆ ಬಾ ಎಂದು ಯಶೋದೆ ಕೃಷ್ಣನನ್ನು ಕರೆಯುವ ಪದ ಅದು. ಭಾರ್ಗವ ಆಗ ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಯಾವಾಗ ಬರುತ್ತಾನೆ, ಬರುವಾಗ ಏನು ಹೊತ್ತುಕೊಂಡು ಬರುತ್ತಾನೆ, ಒಂದೂ ಗೊತ್ತಾಗುತ್ತಿರಲಿಲ್ಲ. ಸಂಜೆಯಾದರೆ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯ ದೀಪ ಹಾಕಿಕೊಂಡು ಕೂರುತ್ತಿದ್ದರು. ಬಾಯಲ್ಲಿ ಹೇಳಿದರೆ ಎಲ್ಲಿ ನಿಜವಾಗುತ್ತದೋ ಎಂದು ಇಬ್ಬರೂ ಹೆದರಿಕೆಯ ಮಾತೆತ್ತುತ್ತಿರಲಿಲ್ಲ. ಅದರ ಬದಲು ಕೃಷ್ಣವೇಣಮ್ಮ ಆ ಪದವನ್ನು ಹಿಡಿದುಕೊಂಡರು. ಹುಳಿಗೆ ಒಗ್ಗರಣೆ ಹಾಕುತ್ತ ಒಂದು ಸಾಲು, ಬಟ್ಟೆ ಮಡಿಸುತ್ತ ಒಂದು ಸಾಲು. ಹಾಡಿ ನೋಡುವುದು, ಬೇಡವೆಂದು ಬಿಡುವುದು, ಮತ್ತೆ ಹಾಡುವುದು. ಪಲ್ಲವಿಯ ಕೊನೆ ಮಾತ್ರ ಬಹಳ ದಿನ ಸತಾಯಿಸಿತು. ಯಾವ ಹಾಡಾದರೂ ಪಲ್ಲವಿಯ ಕೊನೆಗೆ ಕೆಳಕ್ಕಿಳಿದು ಷಡ್ಜದಲ್ಲಿ ಕೂತು ಉಸಿರು ಬಿಡುತ್ತದೆ. ಒಂದು ಸಂಜೆ ಇವರು ಅದನ್ನು ಇಳಿಸಲಿಲ್ಲ. ಮೇಲಕ್ಕೆ ಹತ್ತಿಸಿ ಅಲ್ಲೇ ನಿಲ್ಲಿಸಿಬಿಟ್ಟರು.

"ಇಳಿಸಿದ್ರೆ ಅವನು ಬಂದುಬಿಟ್ಟ ಹಾಗಾಗುತ್ತೆ ಕಣೇ. ಇನ್ನೂ ಬಂದಿಲ್ವಲ್ಲ" ಅಂದರು.

ಸಂಹಿತಾಗೆ ಆಗ ಮೈ ಜುಮ್ಮೆಂದಿತ್ತು. ಸಂಗೀತ ಕಾಲೇಜಿನಲ್ಲಿ ಇಷ್ಟು ವರ್ಷ ಕಲಿತವಳಿಗೆ ಇಂಥದೊಂದು ಜಾಗ ಹೊಳೆಯಲಿಲ್ಲವಲ್ಲ ಎಂದು ಅತ್ತೆಯ ಕೈ ಹಿಡಿದುಕೊಂಡಿದ್ದಳು. ಅಂದರೆ ರಾಗ ಯಾರದೆಂದು ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೇ ಅವಳಿಗಿರಲಿಲ್ಲ. ಅವಳ ಕಣ್ಣೆದುರಿಗೇ ಆ ರಾಗ ಹುಟ್ಟಿತ್ತು.

ಇನ್ನು ಬ್ಯಾಂಡಿನ ವಿಷಯ. ಪ್ರತಿ ಬುಧವಾರ ಸಂಜೆ ಒಂದು ಚರ್ಚಿನ ಹಾಲಿನಲ್ಲಿ ಹದಿನೇಳು ಜನ ಸೇರಿ ಅಭ್ಯಾಸ ಮಾಡುವ ದೊಡ್ಡ ಜಾಝ್ ಬ್ಯಾಂಡು ಅದು. ಟ್ರಂಪೆಟ್ಟು, ಟ್ರೊಂಬೋನು, ಸ್ಯಾಕ್ಸೋಫೋನುಗಳ ಸಾಲು, ಹಿಂದೆ ಪಿಯಾನೋ, ಡ್ರಮ್ಮು. ಮುಂದೆ ನಿಂತು ನಡೆಸುವವನು ಕ್ಲೈವ್. ಬಾರ್ಬಡೋಸಿನಿಂದ ಬಂದವರ ಮಗ, ಎಪ್ಪತ್ತು ದಾಟಿದವನು. ಇಂಥ ಬ್ಯಾಂಡಿನಲ್ಲಿ ಒಂದು ಹಾಡಿಗೆ ಇಬ್ಬರ ದುಡಿಮೆ ಬೇಕು. ರಾಗ ಕಟ್ಟುವವರು ಒಬ್ಬರು. ಅದನ್ನು ಹದಿನೇಳು ಜನಕ್ಕೆ ಹಂಚಿ, ಯಾರು ಯಾವಾಗ ಊದಬೇಕು, ಯಾರು ಬಾಯಿ ಮುಚ್ಚಿಕೊಂಡಿರಬೇಕು ಎಂದು ಬರೆದುಕೊಡುವವರು ಇನ್ನೊಬ್ಬರು. ಸಂಹಿತಾ ಎರಡನೆಯ ಕೆಲಸದಲ್ಲಿ ಗಟ್ಟಿಗಿತ್ತಿ. ಮೊದಲನೆಯದಕ್ಕೆ ಎಷ್ಟು ತಿಣುಕಿದರೂ ಅವಳಿಗೆ ಒಲಿಯುತ್ತಿರಲಿಲ್ಲ. ಅವಳು ಕಟ್ಟಿದ ರಾಗಗಳೆಲ್ಲ ಲಕ್ಷಣವಾಗಿರುತ್ತಿದ್ದವು. ಮನೆಗೆ ಹೋಗುವಷ್ಟರಲ್ಲಿ ಮರೆತೂ ಹೋಗುತ್ತಿದ್ದವು.

ಕ್ಲೈವ್‌ಗೆ ಒಂದು ಹಳೆಯ ಹೊಟ್ಟೆಯುರಿ ಇತ್ತು. ಹರೆಯದಲ್ಲಿ ಅವನು ಬರೆದುಕೊಟ್ಟ ಸಂಗೀತವನ್ನು ದೊಡ್ಡ ದೊಡ್ಡವರು ನುಡಿಸಿ ಹೆಸರು ಮಾಡಿದ್ದರು. ಗ್ರಾಮಫೋನ್ ತಟ್ಟೆಯ ಮೇಲೆ ಹಾಡಿದವರ ಹೆಸರು, ಮುಂದೆ ನಿಂತವರ ಫೋಟೋ. ಬರೆದ ಇವನ ಹೆಸರು ಎಲ್ಲೂ ಇಲ್ಲ. ಸಾಯುವ ಮೊದಲು ಒಂದು ಆಲ್ಬಮ್ಮಿನಲ್ಲಾದರೂ ಅದನ್ನು ತಿರುಗಿಸಿ ಹಾಕಬೇಕು ಎಂದು ಅವನು ಹಟ ಹಿಡಿದ. ಬ್ಯಾಂಡಿನವರೇ ರಾಗ ಕಟ್ಟಿ, ಬ್ಯಾಂಡಿನವರೇ ಹಂಚಿ ಬರೆದ ಎಂಟು ಹಾಡು. ಮೇಲೆ ದೊಡ್ಡ ಅಕ್ಷರದಲ್ಲಿ ಬರೆದವರ ಹೆಸರು, ಒಳಗೆ ಅವರವರ ಫೋಟೋ. ನುಡಿಸಿದವರು ಬೇಕಾದರೆ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇರಲಿ. ಆಲ್ಬಮ್ಮಿಗೆ ಅವನು ಇಟ್ಟ ಇಂಗ್ಲಿಷ್ ಹೆಸರಿನ ಅರ್ಥವೂ 'ಬರೆದವರು' ಎಂದೇ.

ಇಂಥವನ ಮುಂದೆ ಸಂಹಿತಾ ದೀಪದ ಹಾಡನ್ನು ಇಟ್ಟಳು. ಆಗ ಅವಳ ಮನಸ್ಸಿನಲ್ಲಿ ಕಳ್ಳತನ ಇರಲಿಲ್ಲ. ಅತ್ತೆಯ ರಾಗವನ್ನು ಬ್ಯಾಂಡಿಗೆ ಬರೆದು ನೋಡಬೇಕು ಎಂಬ ಆಸೆ, ಅಷ್ಟೇ. ಮೊದಲು ಟ್ರೊಂಬೋನುಗಳು ಮೆಲ್ಲಗೆ ಗುನುಗುತ್ತವೆ, ಸ್ಯಾಕ್ಸೋಫೋನುಗಳು ಒಂದೊಂದಾಗಿ ಬಂದು ಸೇರುತ್ತವೆ, ಪಲ್ಲವಿಯ ಕೊನೆಗೆ ಎಲ್ಲವೂ ಮೇಲಕ್ಕೆ ಹತ್ತಿ ನಿಂತುಬಿಡುತ್ತವೆ. ಮೊದಲ ಸಲ ನುಡಿಸಿ ಮುಗಿಸಿದಾಗ ಕ್ಲೈವ್ ಕನ್ನಡಕ ತೆಗೆದು, ಆ ಏರುವ ಜಾಗ ಎಲ್ಲಿಂದ ಬಂತು ಎಂದು ಕೇಳಿದ. ಆಮೇಲೆ, ಇದು ನಿನ್ನದೇ ತಾನೇ ಅಂದ.

ಅದೇ ವಾರ ಕ್ಲೈವ್ ಒಬ್ಬ ಸ್ಯಾಕ್ಸೋಫೋನಿನವನ ಐರಿಶ್ ಲಾಲಿಹಾಡನ್ನು ಆಲ್ಬಮ್ಮಿನಿಂದ ತೆಗೆದುಹಾಕಿದ್ದ. ಅಜ್ಜಿಯಿಂದ ಬಂದ ಹಳೆಯ ರಾಗ, ನಮ್ಮವರು ಕಟ್ಟಿದ್ದಲ್ಲ ಎಂಬ ಕಾರಣಕ್ಕೆ. ಹಳೆಯದು ಅಂದರೆ ಇದೂ ಹೋಗುತ್ತದೆ. ಅತ್ತೆಯದು ಅಂದರೂ ಹೋಗುತ್ತದೆ, ಅತ್ತೆ ಬ್ಯಾಂಡಿನವರಲ್ಲವಲ್ಲ. ಸಂಹಿತಾ ತಲೆಯಾಡಿಸಿದಳು. ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲ ಎಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅತ್ತೆ ತಾವೇ ಇದು ಹಳೇದು ಅನ್ನುತ್ತಾರಲ್ಲ, ಹಳೇದಾದರೆ ಎಲ್ಲರದೂ ಆಯಿತು, ನನ್ನದೂ ಆಯಿತು, ಎಂದು ವಾದ ಹೂಡಿದಳು. ಹಾಡಿಗೆ 'ಕಿಚನ್ ಲೈಟ್' ಎಂದು ಹೆಸರಿಟ್ಟಳು. ಕದ್ದ ಮಾಲಿಗೆ ಅದು ಸಿಕ್ಕಿದ ಮನೆಯ ವಿಳಾಸವನ್ನೇ ಅಂಟಿಸುವಂಥ ಕಳ್ಳಿ ಅವಳು. ಆದರೆ ಫೋಟೋ ತೆಗೆಸಿಕೊಳ್ಳುವ ದಿನ ಹೊಸ ಕುರ್ತಾ ಹಾಕಿಕೊಂಡು ಹೋದದ್ದೂ ಅವಳೇ.

ಆಲ್ಬಮ್ ಬಿಡುಗಡೆಯ ಸಂಜೆ ಕೃಷ್ಣವೇಣಮ್ಮ ರೇಷ್ಮೆ ಸೀರೆಯ ಮೇಲೆ ಕಾರ್ಡಿಗನ್ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಭಾರ್ಗವ ಆಗಲೇ ತೂಕಡಿಸುತ್ತಿದ್ದ. ನಾಲ್ಕು ಹಾಡಾಯಿತು. ಐದನೆಯದು ಶುರುವಾದಾಗ ಸಂಹಿತಾ ಟ್ರೊಂಬೋನಿನ ಮೇಲಿನಿಂದ ಅತ್ತೆಯನ್ನೇ ನೋಡುತ್ತಿದ್ದಳು. ಕೃಷ್ಣವೇಣಮ್ಮನ ಬೆರಳುಗಳು ಮಂಡಿಯ ಮೇಲೆ ತಾಳ ಹಿಡಿದವು. ಮುಖ ಅರಳಿತು. ಪಾಪ, ಸೊಸೆ ತಮ್ಮ ರಾಗವನ್ನು ನುಡಿಸಿ ಅಚ್ಚರಿ ಪಡಿಸುತ್ತಿದ್ದಾಳೆ ಎಂದುಕೊಂಡರೇನೋ. ಹಾಡು ಮುಗಿದು, ಕ್ಲೈವ್ ಮೈಕಿನ ಮುಂದೆ ಬಂದು, ಇದನ್ನು ಕಟ್ಟಿದವಳು, ಹಂಚಿ ಬರೆದವಳು, ಎರಡೂ ಸಂಹಿತಾ, ಎದ್ದು ನಿಲ್ಲಮ್ಮ ಅಂದ. ಸಂಹಿತಾ ಎದ್ದು ನಿಂತಳು. ಅತ್ತೆಯ ಬೆರಳುಗಳು ಮಂಡಿಯ ಮೇಲೆ ಹಾಗೇ ನಿಂತಿದ್ದವು. ಆಮೇಲೆ ಅವರೂ ಎಲ್ಲರ ಜೊತೆಗೆ ಚಪ್ಪಾಳೆ ತಟ್ಟಿದರು.

ಮನೆಗೆ ಬರುವಾಗ ಕಾರಿನಲ್ಲಿ ಅವರು, ತುತ್ತೂರಿಗಳು ಮೆತ್ತಗೆ ಶುರುವಾಗುವುದು ತುಂಬ ಚೆನ್ನಾಗಿತ್ತು ಅಂದರು. ಅಷ್ಟೇ. ಸಂಹಿತಾ ಉತ್ತರಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಅವರು ಪ್ರಶ್ನೆಯನ್ನೇ ಕೇಳಲಿಲ್ಲ. ಮಾರನೆಯ ದಿನ ಅತ್ತೆ ಮಗನಿಂದ ಒಂದು ಪೆಟ್ಟಿಗೆ ಸಿಡಿ ತರಿಸಿದರು. ಅದೇ ಪೆಟ್ಟಿಗೆ ಹಬ್ಬದ ದಿನ ಖಾಲಿಯಾದದ್ದು.

ಅಲ್ಲಿಂದ ಮುಂದೆ ದೀಪದ ಹಾಡು ಆ ಮನೆಯಲ್ಲಿ ಕೇಳಲಿಲ್ಲ. ಪ್ರತಿ ಶುಕ್ರವಾರದ ಭಜನೆಯಲ್ಲಿ ಮಂಗಳಾರತಿಗೆ ಮೊದಲು ಅದನ್ನೇ ಹಾಡುವುದು ರೂಢಿ. ಈಗ ಆ ಜಾಗದಲ್ಲಿ ಬೇರೆ ಬೇರೆ ಹಾಡು ಬಂದವು. ಭಜನೆಯ ಮಾತಿರಲಿ, ಒಲೆಯ ಮುಂದೆಯೂ ಕೃಷ್ಣವೇಣಮ್ಮ ಅದನ್ನು ಬಾಯಿಗೆ ತರಲಿಲ್ಲ. ಕೆಲವು ಸಲ ಬೇರೇನನ್ನೋ ಗುನುಗುತ್ತ ಗುನುಗುತ್ತ ಅದರ ಹತ್ತಿರಕ್ಕೆ ಬಂದುಬಿಡುವರು. ತಕ್ಷಣ ಕೆಮ್ಮಿ, ನಲ್ಲಿ ತಿರುಗಿಸಿ, ಪಾತ್ರೆಗೆ ಕೈ ಹಾಕುವರು. ಪಕ್ಕದ ಕೋಣೆಯಲ್ಲಿ ಮಕ್ಕಳ ಪರೀಕ್ಷೆಯ ಉತ್ತರ ತಿದ್ದುತ್ತಿದ್ದ ಸಂಹಿತಾಳ ಕೈ ಅಲ್ಲೇ ನಿಲ್ಲುತ್ತಿತ್ತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗಂಡನ ಹತ್ತಿರ ಹೇಳಿಕೊಂಡಳು. ಅಮ್ಮನಿಗೆ ಹೆಸರು ಗಿಸರು ಏನೂ ಬೇಕಿಲ್ಲ, ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಎಂದು ಭಾರ್ಗವ ಮಗ್ಗುಲು ಬದಲಿಸಿದ.

ಕೊನೆಗೆ ಒಂದು ಶನಿವಾರ ಬೆಳಿಗ್ಗೆ, ಅತ್ತೆ ಕರಿಬೇವು ಬಿಡಿಸುತ್ತ ಕೂತಿದ್ದಾಗ, ಸಂಹಿತಾ ಎದುರಿಗೆ ಕುರ್ಚಿ ಎಳೆದುಕೊಂಡು ಕೇಳಿಯೇಬಿಟ್ಟಳು. ದೀಪದ ಹಾಡು ಯಾಕೆ ಹಾಡುತ್ತಿಲ್ಲ?

ಕೃಷ್ಣವೇಣಮ್ಮ ತಲೆಯೆತ್ತಲಿಲ್ಲ. "ಆ ಹೆಂಗಸರಿಗೆ ಕಿವಿ ಇಲ್ವೇನೇ? ಎಲ್ಲರ ಮನೆಗೂ ನಿನ್ನ ಸಿಡಿ ಹೋಗಿದೆ. ಇವತ್ತಲ್ಲ ನಾಳೆ ಕೇಳ್ತಾರೆ. ನಾನು ಹಾಡಿದ್ರೆ ನೀನು ಕದ್ದ ಹಾಗಾಗುತ್ತೆ. ಹಾಡದೆ ಇದ್ರೆ ಅದು ನಿನ್ನದೇ."

ತಪ್ಪಾಯಿತು ಅಂದಳು ಸಂಹಿತಾ. ಬೇಜಾರಾಯಿತಾ ಎಂದು ಕೇಳಿದಳು.

"ಆಯ್ತು. ಸುಳ್ಳು ಯಾಕೆ ಹೇಳಲಿ" ಅಂದರು ಅತ್ತೆ. ಒಂದು ಎಸಳನ್ನು ಬಿಡಿಸಿ ಮುಗಿಸಿ, ಇನ್ನೊಂದನ್ನು ಕೈಗೆತ್ತಿಕೊಂಡರು. "ಕೇಳಿದ್ದಿದ್ರೆ ಕೊಡ್ತಿರಲಿಲ್ವೇನೇ ನಾನು?"

ಆ ಮಾತು ಸಂಹಿತಾಳನ್ನು ಇಡೀ ದಿನ ಸುಟ್ಟಿತು. ಮಧ್ಯಾಹ್ನವೇ ಅವಳು ಕ್ಲೈವ್‌ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ನನಗೂ ಹೀಗೆ ಮಾಡಿದವರು ಎಷ್ಟೋ ಜನ ಇದ್ದರು, ಒಬ್ಬನೂ ಫೋನ್ ಮಾಡಲಿಲ್ಲ ಅಂದ. ಹೊಗಳಿದನೋ ಬೈದನೋ ತಿಳಿಯಲಿಲ್ಲ. ಮಾರಿದ ಸಿಡಿಗಳನ್ನು ವಾಪಸ್ ತರಿಸಲು ಆಗುವುದಿಲ್ಲ, ಆದರೆ ಇಂಟರ್‌ನೆಟ್ಟಿನಲ್ಲಿರುವುದನ್ನೂ ಮುಂದೆ ಅಚ್ಚಾಗುವುದನ್ನೂ ತಿದ್ದಬಹುದು, ರಾಗಕ್ಕೆ ಅತ್ತೆಯ ಹೆಸರು, ಹಂಚಿಕೆಗೆ ನಿನ್ನ ಹೆಸರು ಹಾಕೋಣ ಅಂದ. ಒಂದೇ ಒಂದು ಮಾತು, ಆ ತಾಯಿ ತಾವೇ ಬಾಯಿ ಬಿಟ್ಟು 'ಇದು ನಂದು' ಅನ್ನಬೇಕು. ಇನ್ನೊಬ್ಬರು ಹೇಳಿದರೆ ಆಗುವುದಿಲ್ಲ.

ಸಂಹಿತಾ ಹಗುರಾಗಿ ಕೆಳಗಿಳಿದು ಬಂದು ಅತ್ತೆಗೆ ಹೇಳಿದಳು. ಬುಧವಾರ ನನ್ನ ಜೊತೆ ಬನ್ನಿ, ಒಂದೇ ಮಾತು ಹೇಳಿ, ಎಲ್ಲ ಸರಿಹೋಗುತ್ತದೆ, ಆಮೇಲೆ ನೀವು ಧಾರಾಳವಾಗಿ ಹಾಡಬಹುದು. ಕೃಷ್ಣವೇಣಮ್ಮ ಅವಳನ್ನು ಮೊದಲ ಸಲ ನೋಡುತ್ತಿರುವ ಹಾಗೆ ನೋಡಿದರು. ಈ ಎಪ್ಪತ್ತಾರು ವರ್ಷದಲ್ಲಿ ಯಾವ ಹಾಡನ್ನೂ ನಂದು ಅಂದವಳಲ್ಲ, ಈಗ ಹೋಗಿ ಗೊತ್ತಿಲ್ಲದವರ ಮುಂದೆ, ಅದೂ ಸೊಸೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇವಳದಲ್ಲ ನಂದು ಅನ್ನಬೇಕಾ ಎಂದು ಕೇಳಿದರು. ಬೇರೆ ಏನಾದರೂ ಕೆಲಸ ಇದ್ದರೆ ಹೇಳು ಎಂದು ಎದ್ದುಹೋದರು.

ನವರಾತ್ರಿ ಬಂತು. ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಮೈಸೂರಿನಿಂದ ತಂದ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿ, ಕೆಳಗೆ ಕೆಂಪು ಡಬಲ್ ಡೆಕ್ಕರ್ ಬಸ್ಸು, ಹಿತ್ತಾಳೆಯ ಪುಟ್ಟ ಟ್ರೊಂಬೋನು. ಆ ಟ್ರೊಂಬೋನನ್ನು ಹುಡುಕಿ ತಂದು ಇಟ್ಟವರು ಕೃಷ್ಣವೇಣಮ್ಮನೇ. ಶುಕ್ರವಾರ ಭಜನೆಗೆ ಮುಂದಿನ ಕೋಣೆ ತುಂಬಿತ್ತು. ಸಂಹಿತಾ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಒಬ್ಬರೇ ಇದ್ದಾಗ ಬೇಡ ಅನ್ನುವ ಅತ್ತೆ ಇಷ್ಟು ಜನರ ಮುಂದೆ ಸುಳ್ಳಾಡಲಾರರು, ಮೌನವಾಗಿದ್ದರೂ ಸಾಕು, ಹೆಂಗಸರಿಗೆ ತಿಳಿಯುತ್ತದೆ. ತನ್ನ ಮಾನ ಹೋದರೆ ಹೋಗಲಿ. ಹಾಡು ಅವರಿಗೆ ವಾಪಸ್ ಬರಲಿ.

ಮಂಗಳಾರತಿಗೆ ಮೊದಲು ಅವಳು ಎದ್ದು ನಿಂತಳು. "ಒಂದು ಮಾತು ಹೇಳಬೇಕು. ಆ ಸಿಡಿಯಲ್ಲಿರೋ ಐದನೇ ಹಾಡಿನ ರಾಗ ನಂದಲ್ಲ. ಅತ್ತೆಯ ದೀಪದ ಹಾಡು ಅದು. ಅವರು ರಾಗ ಹಾಕಿದ್ದನ್ನ ನಾನು ಕೇಳದೆ ತಗೊಂಡು ನನ್ನ ಹೆಸರು ಹಾಕಿಕೊಂಡೆ."

ಎಲ್ಲರ ಕಣ್ಣು ಕೃಷ್ಣವೇಣಮ್ಮನ ಕಡೆ ತಿರುಗಿತು. ಅವರು ಆರತಿಯ ಬತ್ತಿ ಹೊಸೆಯುತ್ತಿದ್ದರು. ಹೊಸೆಯುವುದನ್ನು ನಿಲ್ಲಿಸದೆಯೇ ನಕ್ಕರು.

"ಇವಳ ಮಾತು ಕಟ್ಟಿಕೊಳ್ಳಬೇಡಿ. ಚಿಕ್ಕಂದಿನಿಂದ ಇಲ್ಲಿ ಬೆಳೆದ್ರೂ ಸಂಕೋಚ ಜಾಸ್ತಿ ನಮ್ಮ ಹುಡುಗಿಗೆ. ಎಲ್ಲದಕ್ಕೂ ಅತ್ತೆ ಅತ್ತೆ ಅಂತಾಳೆ. ನಾನು ಹಾಡೋದು ಹಳೇ ಮಟ್ಟು, ಅದೇ ಬೇರೆ, ಇವಳದೇ ಬೇರೆ."

ಭಜನೆಯ ಗುಂಪಿನ ನೀರಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಕಾಲದಲ್ಲಿ ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂದಳು. ಮತ್ತೊಬ್ಬರು, ತನ್ನ ಹೆಸರನ್ನೇ ಅತ್ತೆಗೆ ಕೊಡಲು ನಿಂತಳಲ್ಲ, ನಮ್ಮ ಮನೆಯಲ್ಲಿ ಇದ್ದಾರೆ ನೋಡಿ ಅಂದರು. ಇಲ್ಲ, ನಾನು ನಿಜ ಹೇಳುತ್ತಿದ್ದೇನೆ ಎಂದು ಸಂಹಿತಾ ಅಂದಷ್ಟೂ ಹೊಗಳಿಕೆ ಹೆಚ್ಚಾಯಿತು. ಕದ್ದದ್ದನ್ನು ಒಪ್ಪಿಕೊಳ್ಳಲು ಎದ್ದವಳ ಕೊರಳಿಗೆ ಇನ್ನೊಂದು ಹಾರ ಬಿತ್ತು. ಅಳು ಬಂತು. ಅದನ್ನೂ ಅವರು ಒಳ್ಳೆಯತನಕ್ಕೇ ಸೇರಿಸಿಕೊಂಡರು.

ಅಂಬುಜಾ ಮಾತ್ರ ಸುಮ್ಮನಾಗುವ ಪೈಕಿಯಲ್ಲ. ಅವಳ ಕಾರಿನಲ್ಲಿ ಸಿಡಿ ಯಂತ್ರ ಇತ್ತಲ್ಲ, ಅಷ್ಟಿಷ್ಟು ಕೇಳಿದ್ದಳು. ಎರಡೂ ಒಂದೇ ತರಹ ಕೇಳಿಸುತ್ತೆ ಅಂತ ನನಗೂ ಅನ್ನಿಸಿತ್ತು, ಹಾಗಾದರೆ ನಿಮ್ಮದು ಒಂದು ಸಲ ಹಾಡಿಬಿಡಿ, ಬಹಳ ದಿನವಾಯಿತು ಕೇಳಿ, ವ್ಯತ್ಯಾಸ ಗೊತ್ತಾಗಲಿ ಎಂದು ಹಿಡಿದುಕೊಂಡಳು. ಎಲ್ಲರೂ ಹೌದು ಹೌದು ಅಂದರು.

ಸಂಹಿತಾ ಅತ್ತೆಯ ಮುಖ ನೋಡಿದಳು. ಈಗ ಹಾಡಲೇಬೇಕು. ಹಾಡಿದರೆ ನಿಜ ತಾನಾಗಿ ಹೊರಗೆ ಬೀಳುತ್ತದೆ. ದೇವರೇ ಅಂಬುಜಾಳ ಬಾಯಲ್ಲಿ ಕೂತು ಕೇಳಿಸಿದ ಎಂದುಕೊಂಡಳು.

ಕೃಷ್ಣವೇಣಮ್ಮ ಬತ್ತಿಯನ್ನು ತಟ್ಟೆಯಲ್ಲಿಟ್ಟು, ಕೈಯೊರೆಸಿಕೊಂಡು, ಕಣ್ಣು ಮುಚ್ಚಿದರು. ಹಾಡಿದರು. ಪದ ಅದೇ, ಯಶೋದೆ ಅವಳೇ, ದೀಪ ಅದೇ. ರಾಗ ಮಾತ್ರ ಬೇರೆ. ಎಲ್ಲ ಭಜನೆಗಳಲ್ಲೂ ಕೇಳಿಬರುವ ಸಾದಾ ಮಟ್ಟು, ಯಾರು ಬೇಕಾದರೂ ಯಾವ ಪದಕ್ಕೆ ಬೇಕಾದರೂ ಹಾಕಬಹುದಾದ ಮಟ್ಟು. ಎಲ್ಲೂ ತಡವರಿಸಲಿಲ್ಲ. ಆಗಲೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದರೋ, ಅಲ್ಲೇ ಕೂತು ಜೋಡಿಸಿದರೋ, ಅವರಿಗೇ ಗೊತ್ತು. ಪಲ್ಲವಿಯ ಕೊನೆ ಬಂತು. ದನಿ ಮೇಲಕ್ಕೆ ಹತ್ತಲಿಲ್ಲ. ನಿಧಾನವಾಗಿ ಕೆಳಗಿಳಿದು ಷಡ್ಜದಲ್ಲಿ ಕೂತಿತು.

ಬೇರೆಯೇ ಕಣ್ರೀ, ಹೌದು, ಎಂದಳು ಅಂಬುಜಾ. ಮೊದಲು ಹೇಗೆ ಹಾಡುತ್ತಿದ್ದರು ಎಂದು ನೆನಪಿಟ್ಟುಕೊಳ್ಳುವಷ್ಟು ಗಮನ ಕೊಟ್ಟು ಕೇಳಿದವರು ಅಲ್ಲಿ ಕಡಿಮೆ. ಮಂಗಳಾರತಿಯಾಯಿತು. ಕರ್ಪೂರದ ಹೊಗೆಗೆ ಸ್ಮೋಕ್ ಅಲಾರಂ ಬಡಿದುಕೊಳ್ಳದ ಹಾಗೆ ನೀರಜಾ ಅದರ ಕೆಳಗೆ ನಿಂತು ಟವೆಲ್ ಬೀಸಿದಳು. ಎಲ್ಲರೂ ಉಸಲಿ ತಿಂದು ಹೊರಟರು. ಗಿರಿಜಾದೇವಿ ಬಾಗಿಲಲ್ಲಿ ಸಂಹಿತಾಳ ಹತ್ತಿರಕ್ಕೆ ಬಂದು, ಅವಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ನಿಮ್ಮತ್ತಿ ಮೊದಲ ಹಿಂಗ ಹಾಡತಿದ್ದಿಲ್ಲವ್ವಾ. ನನಗ ಗೊತ್ತೈತಿ" ಅಂದರು. "ಆದ್ರ ಅವರು ಇಲ್ಲ ಅಂದ ಮ್ಯಾಲ, ನಾ ಹೌದು ಅನ್ನಾಕ ಹೆಂಗ ಬರ್ತೈತಿ?"

ಪಾತ್ರೆ ತೊಳೆಯುವಾಗ ಸಂಹಿತಾ ಅತ್ತೆಯ ಹತ್ತಿರ ಅತ್ತಳು. ಯಾಕೆ ಹೀಗೆ ಮಾಡಿದಿರಿ, ಅಷ್ಟು ಚೆಂದದ ಹಾಡನ್ನು ನೀವೇ ಕೈಯಾರೆ ಹಾಳು ಮಾಡಿದಿರಲ್ಲ ಅಂದಳು. ಕೃಷ್ಣವೇಣಮ್ಮ ಒರೆಸಿದ ಲೋಟಗಳನ್ನು ಕಪಾಟಿನಲ್ಲಿ ಜೋಡಿಸುತ್ತಿದ್ದರು. ಹಾಳೇನೂ ಆಗಿಲ್ಲ, ನಿನ್ನ ಸಿಡಿಯಲ್ಲಿ ಭದ್ರವಾಗಿದೆಯಲ್ಲ ಅಂದರು. ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ, ಸಂಹಿತಾಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಆಮೇಲೆ ಅವರು, ಬಹಳ ದಿನದ ಮೇಲೆ ಆ ಪದವನ್ನು ಬಾಯಿ ತುಂಬ ಹಾಡಿದೆ, ಹೀಗೆ ಹಾಡಿದರೂ ದೇವರಿಗೆ ಕೇಳಿಸುತ್ತದೆ ಬಿಡು ಎಂದು ದೀಪ ಆರಿಸಿ ಮಲಗಲು ಹೋದರು.

ಕ್ಲೈವ್ ಎರಡು ಸಲ ಫೋನ್ ಮಾಡಿದ. ಅತ್ತೆ ಒಪ್ಪುತ್ತಿಲ್ಲ ಅಂದಳು ಸಂಹಿತಾ. ಹಾಗಾದರೆ ನಿನ್ನ ಹೆಸರನ್ನಾದರೂ ತೆಗೆಯುತ್ತೇನೆ ಅಂದ. ತೆಗೆದ. ಇಂಟರ್‌ನೆಟ್ಟಿನಲ್ಲಿ ಈಗ ಐದನೆಯ ಹಾಡಿನ ಮುಂದೆ ರಾಗ ಕಟ್ಟಿದವರ ಜಾಗ ಖಾಲಿ ಇದೆ. ಬರೆದವರ ಹೆಸರು ಹಾಕಲೆಂದೇ ಹುಟ್ಟಿದ ಆಲ್ಬಮ್ಮಿನಲ್ಲಿ ಅದೊಂದೇ ಖಾಲಿ ಜಾಗ. ತಾಂಬೂಲದ ಜೊತೆ ಹೋದ ಸಿಡಿಗಳಲ್ಲಿ ಮಾತ್ರ ಸಂಹಿತಾಳ ಹೆಸರು ಹಾಗೇ ಇದೆ. ಅವನ್ನು ಯಾರೂ ವಾಪಸ್ ಕೊಡುವುದಿಲ್ಲ, ಕುಂಕುಮದ ಜೊತೆ ಬಂದದ್ದು.

ಮುಂದಿನ ಶುಕ್ರವಾರ ಕೃಷ್ಣವೇಣಮ್ಮ ಆ ಸಾದಾ ಮಟ್ಟನ್ನು ಎಲ್ಲರಿಗೂ ಹೇಳಿಕೊಟ್ಟರು. ಕಲಿಯಲು ಸುಲಭ, ಒಂದೇ ಸಲಕ್ಕೆ ಎಲ್ಲರಿಗೂ ಬಂದುಬಿಟ್ಟಿತು. ಇಷ್ಟು ಸುಲಭ ಇದ್ದದ್ದನ್ನು ಇಷ್ಟು ದಿನ ಯಾಕೆ ಕಲಿಯಲಿಲ್ಲವೋ ಎಂದು ನೀರಜಾ ಖುಷಿಪಟ್ಟಳು. ಸಂಹಿತಾ ಕೊನೆಯ ಸಾಲಿನಲ್ಲಿ ಗೋಡೆಗೊರಗಿ ಕೂತಿದ್ದಳು. ಹಾಡದೆ ಕೂರಲು ಮನಸ್ಸಾಗಲಿಲ್ಲ, ಅವಳೂ ದನಿ ಸೇರಿಸಿದಳು. ಪಲ್ಲವಿಯ ಕೊನೆ ಬಂದಾಗ ಎಲ್ಲರ ದನಿಯೂ ಕೆಳಗಿಳಿಯಿತು. ಅವಳ ಗಂಟಲು ಮಾತ್ರ ಅವಳನ್ನು ಕೇಳದೆ ಮೇಲಕ್ಕೆ ಹತ್ತಿ, ಆ ಹಳೆಯ ಜಾಗದಲ್ಲಿ ಒಂಟಿಯಾಗಿ ನಿಂತುಬಿಟ್ಟಿತು. ಹೆಂಗಸರು ತಿರುಗಿ ನೋಡಿದರು. ಕೃಷ್ಣವೇಣಮ್ಮ ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ಬೇಡ ಎಂದು ತಲೆಯಾಡಿಸಿದರು. ಅಂಗೈಯನ್ನು ಮೆಲ್ಲಗೆ ಕೆಳಗೆ ಇಳಿಸಿ ತೋರಿಸಿದರು.

ಸಂಹಿತಾ ಇಳಿಸಿ ಹಾಡಿದಳು.